ವೈದ್ಯಕೀಯ ಪ್ರವೇಶದ ನಿರೀಕ್ಷಣಕಾಲ: ಅದರ ಸ್ವರೂಪ ಮತ್ತು ಕಾರಣಗಳು

೧

ಬಿ.ಎಸ್‌ಸಿ. ಮೊದಲ ವರ್ಷದ ತರಗತಿಗಳಿಗೆ ಪಾಠ ಹೇಳುವ ಅಧ್ಯಾಪಕರಿಗೆಲ್ಲ ಒಂದು ಅನುಭವ ಸಾಮಾನ್ಯವಾದುದು. ವರ್ಷಾರಂಭದಲ್ಲಿ ಬೆಂಚುಗಳೇನೋ ತುಂಬಿರುತ್ತವೆ. ಆದರೆ ಹಿಂದಿನ ಸಾಲುಗಳಲ್ಲಿ ಕುಳಿತ ಕೆಲವರು ಪಠ್ಯಪುಸ್ತಕಗಳನ್ನು ಕೊಂಡಿರುವುದಿಲ್ಲ. ಪ್ರಯೋಗಶಾಲೆಯ ರೆಕಾರ್ಡು ಪುಸ್ತಕದ ಮೇಲೆ ಹೆಸರನ್ನೂ ಬರೆದಿರುವುದಿಲ್ಲ. ಕಾರಣವನ್ನು ಕೇಳಿದರೆ, "ಇನ್ನೂ ಎರಡನೇ ರೌಂಡ್ ಆಗಬೇಕು, ಸಾರ್" ಎಂಬ ಉತ್ತರ ಬರುತ್ತದೆ. ಕೆಲವು ವಾರಗಳ ಮೇಲೆ ಇವರಲ್ಲಿ ಒಬ್ಬಿಬ್ಬರು ವರ್ಗಾವಣೆ ಪತ್ರಕ್ಕಾಗಿ ಅರ್ಜಿ ಹಿಡಿದು ಬರುತ್ತಾರೆ. ಉಳಿದವರು ತರಗತಿಯಲ್ಲಿಯೇ ಉಳಿಯುತ್ತಾರೆ. ಆದರೆ ಅವರ ಮನಸ್ಸು ಪಾಠಕ್ಕೆ ಬರುವ ಹೊತ್ತಿಗೆ ವರ್ಷದ ಅರ್ಧಭಾಗ ಕಳೆದುಹೋಗಿರುತ್ತದೆ.

ಪ್ರವೇಶ ಪರೀಕ್ಷೆಯನ್ನು ಬರೆದು ಮುಗಿಸಿದ ದಿನದಿಂದ ವೈದ್ಯಕೀಯ ಕಾಲೇಜಿನ ಸೀಟು ದೊರೆತಿತೆಂದೋ ದೊರೆಯಲಿಲ್ಲವೆಂದೋ ಖಚಿತವಾಗುವ ದಿನದವರೆಗಿನ ಅವಧಿಯನ್ನು ನಾವು ಪ್ರಕೃತ ಲೇಖನದಲ್ಲಿ ನಿರೀಕ್ಷಣಕಾಲವೆಂದು ಕರೆಯುತ್ತೇವೆ. ಪರೀಕ್ಷೆಯನ್ನು ಕುರಿತು, ಅದರ ನ್ಯಾಯಾನ್ಯಾಯಗಳನ್ನು ಕುರಿತು ಬಹಳ ಚರ್ಚೆ ನಡೆದಿದೆ. ಪರೀಕ್ಷೆಯ ಅನಂತರದ ಈ ಅವಧಿಯನ್ನು ಕುರಿತಾದರೋ ವಿವೇಚನೆ ಅಷ್ಟಾಗಿ ನಡೆದಿಲ್ಲ. ಅದು ಸುಮ್ಮನೆ ಕಳೆಯಬೇಕಾದ ಕಾಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಕಾಲವೇಕೆ ಇಷ್ಟು ದೀರ್ಘವಾಗಿದೆ? ವಿದ್ಯಾರ್ಥಿಯು ನಿಜವಾಗಿ ಕಾಯುತ್ತಿರುವುದು ಯಾವುದಕ್ಕಾಗಿ? ಕೊನೆಗೆ ಬರುವ ನಿರ್ಣಯವು ಅವನ ಅಥವಾ ಅವಳ ಯೋಗ್ಯತೆಯನ್ನು ಕುರಿತು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ಈ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ.

೨

ಮೊದಲು ಈಗಿನ ಏರ್ಪಾಡು ಹೇಗೆ ರೂಪುಗೊಂಡಿತೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಮೈಸೂರು ಸಂಸ್ಥಾನದ ಮೊದಲ ವೈದ್ಯಕೀಯ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ವರ್ಗವಾಯಿತು. ೧೯೫೩ರಲ್ಲಿ ಮಣಿಪಾಲದಲ್ಲಿ ಖಾಸಗೀ ಪ್ರಯತ್ನದಿಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ೧೯೫೫ರಲ್ಲಿ ಬೆಂಗಳೂರಿನಲ್ಲಿಯೂ ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿಯೂ ಕಾಲೇಜುಗಳು ಬಂದುವು. ಮುಂದಿನ ದಶಕಗಳಲ್ಲಿ ಖಾಸಗೀ ಕಾಲೇಜುಗಳ ಸಂಖ್ಯೆ ಬೆಳೆದಂತೆ ಕ್ಯಾಪಿಟೇಷನ್ ಶುಲ್ಕದ ಪ್ರಶ್ನೆಯೂ ಬೆಳೆಯಿತು. ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸುವ ಕಾಯಿದೆಯನ್ನು ೧೯೮೪ರಲ್ಲಿ ತಂದಿತು. ಸರ್ವೋಚ್ಚ ನ್ಯಾಯಾಲಯವು ೧೯೯೨ರ ಮೋಹಿನಿ ಜೈನ್ ಪ್ರಕರಣದಲ್ಲಿಯೂ ೧೯೯೩ರ ಉನ್ನಿಕೃಷ್ಣನ್ ಪ್ರಕರಣದಲ್ಲಿಯೂ ಹಣದ ಬಲದಿಂದ ಸೀಟು ಪಡೆಯುವ ಪದ್ಧತಿಯ ವಿರುದ್ಧ ತೀರ್ಪಿತ್ತಿತು. ಇದರ ಬೆನ್ನಲ್ಲಿಯೇ, ೧೯೯೪ರಲ್ಲಿ, ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಘಟಕ ಏರ್ಪಟ್ಟಿತು. ಇಂದಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅದರ ಮುಂದುವರಿದ ರೂಪ.

ಈ ಚರಿತ್ರೆಯನ್ನು ಇಲ್ಲಿ ನೆನೆಯುವುದಕ್ಕೆ ಒಂದು ಕಾರಣವುಂಟು. ಆಡಳಿತವರ್ಗದವರ ಕೊಠಡಿಯಲ್ಲಿ ಮಾತುಕತೆಯಿಂದ ಸೀಟು ನಿರ್ಣಯವಾಗುತ್ತಿದ್ದಾಗ ಕಾಯುವಿಕೆ ದೀರ್ಘವಾಗಿರಲಿಲ್ಲ. ಹಣವಿದ್ದವನು ಕಾಯಬೇಕಾಗಿರಲಿಲ್ಲ, ಇಲ್ಲದವನು ಕಾದು ಪ್ರಯೋಜನವಿರಲಿಲ್ಲ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಬಹಿರಂಗವಾದ ನಿಯಮದಂತೆ ಹಂಚಬೇಕೆಂದು ಸಮಾಜ ನಿರ್ಧರಿಸಿದಾಗ ಕಾಯುವಿಕೆ ಹುಟ್ಟಿತು. ಆದುದರಿಂದ ನಿರೀಕ್ಷಣಕಾಲದ ಒಂದಂಶವಾದರೂ ನ್ಯಾಯಕ್ಕಾಗಿ ನಾವು ತೆರುತ್ತಿರುವ ಬೆಲೆ. ಉಳಿದ ಅಂಶ ಅನಾವಶ್ಯಕವಾದುದು. ಇವೆರಡನ್ನು ಬೇರ್ಪಡಿಸಿ ನೋಡುವುದು ಅವಶ್ಯಕ.

ಇಡೀ ದೇಶಕ್ಕೆ ಒಂದೇ ಪರೀಕ್ಷೆಯೆಂಬ ತತ್ತ್ವದ ಮೇಲೆ 'ನೀಟ್' ಪರೀಕ್ಷೆ ಮೊದಲು ನಡೆದುದು ೨೦೧೩ರಲ್ಲಿ. ಅದೇ ವರ್ಷ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು. ೨೦೧೬ರ ಏಪ್ರಿಲಿನಲ್ಲಿ ಆ ತೀರ್ಪನ್ನು ಹಿಂತೆಗೆದುಕೊಂಡಿತು. ೨೦೧೯ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಇದನ್ನು ನಡೆಸುತ್ತ ಬಂದಿದೆ. ೨೦೨೪ರಲ್ಲಿ ೨೩ ಲಕ್ಷಕ್ಕೂ ಮಿಕ್ಕಿದ ಉಮೇದುವಾರರು ಪರೀಕ್ಷೆಗೆ ಕುಳಿತರು. ಅವರಲ್ಲಿ ೧೩ ಲಕ್ಷಕ್ಕೂ ಹೆಚ್ಚು ಮಂದಿ 'ಅರ್ಹ'ರೆಂದು ಘೋಷಿತರಾದರು. ದೇಶದಲ್ಲಿ ಆಗ ಇದ್ದ ಎಂ.ಬಿ.ಬಿ.ಎಸ್. ಸೀಟುಗಳಾದರೋ ಒಂದು ಲಕ್ಷಕ್ಕೆ ತುಸು ಮೇಲ್ಪಟ್ಟಿದ್ದುವು.

ಇಲ್ಲಿ 'ಅರ್ಹ' ಎಂಬ ಶಬ್ದವೇ ಮೊದಲ ತೊಡಕು. ಸಾಮಾನ್ಯ ವರ್ಗದವರಿಗೆ ಅರ್ಹತೆಯ ಮಿತಿ ಐವತ್ತನೆಯ ಪರ್ಸೆಂಟೈಲ್. ಎಂದರೆ ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಮಂದಿಗಿಂತ ಮೇಲಿರುವುದಷ್ಟೆ. ಮೀಸಲಾತಿ ವರ್ಗಗಳವರಿಗೆ ಈ ಮಿತಿ ನಲವತ್ತನೆಯ ಪರ್ಸೆಂಟೈಲ್. ಹೀಗಿರುವಾಗ ಅರ್ಹತೆಯೆಂಬುದು ಸಾಲಿನಲ್ಲಿ ನಿಲ್ಲುವುದಕ್ಕೆ ದೊರೆತ ಅಪ್ಪಣೆಯೇ ಹೊರತು ಸೀಟಿನ ಭರವಸೆಯಲ್ಲ. ಹಳ್ಳಿಯಿಂದ ಬಂದ ತಂದೆತಾಯಿಗಳಿಗೆ, "ನಿಮ್ಮ ಹುಡುಗಿ ಕ್ವಾಲಿಫೈ ಆಗಿದ್ದಾಳೆ" ಎಂದು ಯಾರಾದರೂ ಹೇಳಿದರೆ ಅವರು ಸಿಹಿ ಹಂಚುತ್ತಾರೆ. ಆ ಸಂತೋಷ ಮುಂದಿನ ನಾಲ್ಕು ತಿಂಗಳುಗಳಲ್ಲಿ ಯಾವ ಸ್ಥಿತಿಗೆ ತಿರುಗಬಲ್ಲುದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

೩

ಇನ್ನು ಹಂಚಿಕೆಯ ಕ್ರಮಕ್ಕೆ ಬರೋಣ. ಸರ್ಕಾರೀ ಕಾಲೇಜುಗಳ ಎಂ.ಬಿ.ಬಿ.ಎಸ್. ಸೀಟುಗಳಲ್ಲಿ ಶೇಕಡ ೧೫ರಷ್ಟು ಅಖಿಲ ಭಾರತ ಕೋಟಾಕ್ಕೆ ಸೇರುತ್ತವೆ. ಇದು ೧೯೮೪ರ ಪ್ರದೀಪ್ ಜೈನ್ ಪ್ರಕರಣದಿಂದ ಹುಟ್ಟಿ ೧೯೮೬ರಲ್ಲಿ ಈ ಪ್ರಮಾಣಕ್ಕೆ ಬಂದು ನಿಂತ ಏರ್ಪಾಡು. ಇವನ್ನೂ ಡೀಮ್ಡ್ ವಿಶ್ವವಿದ್ಯಾನಿಲಯಗಳ ಸೀಟುಗಳನ್ನೂ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಹಂಚುತ್ತದೆ. ಉಳಿದ ಶೇಕಡ ೮೫ರಷ್ಟು ಸರ್ಕಾರೀ ಸೀಟುಗಳನ್ನೂ ರಾಜ್ಯದ ಖಾಸಗೀ ಕಾಲೇಜುಗಳ ಸೀಟುಗಳನ್ನೂ ನಮ್ಮಲ್ಲಿ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಒಬ್ಬ ವಿದ್ಯಾರ್ಥಿ ಎರಡು ಸಾಲುಗಳಲ್ಲಿಯೂ ಏಕಕಾಲದಲ್ಲಿ ನಿಲ್ಲಬಹುದು, ನಿಲ್ಲುವುದೇ ರೂಢಿ.

ಪ್ರತಿಯೊಂದು ಸಾಲಿನ ನಿಯಮ ಸರಳವಾದುದು. ವಿದ್ಯಾರ್ಥಿಗಳು ತಮಗೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾರೆ. ಇದನ್ನೇ ಆಪ್ಷನ್ ಎಂಟ್ರಿ ಎನ್ನುವುದು. ಅನಂತರ ಗಣಕಯಂತ್ರವು ಮೊದಲನೆಯ ರ್ಯಾಂಕಿನವರ ಪಟ್ಟಿಯನ್ನು ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ನೋಡುತ್ತ, ಖಾಲಿಯಿರುವ ಮೊದಲ ಸೀಟನ್ನು ಕೊಡುತ್ತದೆ. ಬಳಿಕ ಎರಡನೆಯವರು, ಬಳಿಕ ಮೂರನೆಯವರು. ಮೀಸಲಾತಿಯ ವರ್ಗಗಳಿಗೆ ಪ್ರತ್ಯೇಕ ಸೀಟುಗಳಿರುವುದರಿಂದ ಲೆಕ್ಕ ಸ್ವಲ್ಪ ಜಟಿಲವಾಗುತ್ತದೆಯಾದರೂ ಮೂಲತತ್ತ್ವ ಇಷ್ಟೇ. ಯಂತ್ರಕ್ಕೆ ಇದು ಬಹಳ ಹೊತ್ತಿನ ಕೆಲಸವಲ್ಲ. ಹಾಗಾದರೆ ತಿಂಗಳುಗಳು ಏಕೆ ಬೇಕು?

ಒಂದು ಸಣ್ಣ ನಿದರ್ಶನದಿಂದ ಇದು ವಿಶದವಾಗುತ್ತದೆ. ಕ, ಚ, ಟ ಎಂಬ ಮೂವರು ವಿದ್ಯಾರ್ಥಿಗಳು ರ್ಯಾಂಕಿನಲ್ಲಿ ಒಬ್ಬರ ಹಿಂದೊಬ್ಬರಿದ್ದಾರೆಂದು ಭಾವಿಸೋಣ. ಕ ಎಂಬವಳಿಗೆ ಮೈಸೂರಿನ ಕೊನೆಯ ಸೀಟು ದೊರೆಯಿತು. ಮೈಸೂರನ್ನೇ ಬಯಸಿದ್ದ ಚ ಎಂಬವನಿಗೆ ಹುಬ್ಬಳ್ಳಿಯ ಕೊನೆಯ ಸೀಟು ಬಂದಿತು. ಹುಬ್ಬಳ್ಳಿಯನ್ನು ಬಯಸಿದ್ದ ಟ ಎಂಬವಳಿಗೆ ಏನೂ ದೊರೆಯಲಿಲ್ಲ. ಇಷ್ಟರಲ್ಲಿ ಕ ಎಂಬವಳಿಗೆ ಅಖಿಲ ಭಾರತ ಕೋಟಾದಲ್ಲಿ ದೆಹಲಿಯ ಸೀಟು ಬಂದು, ಅವಳು ಮೈಸೂರನ್ನು ಬಿಟ್ಟುಕೊಟ್ಟರೆ ಚ ಮೈಸೂರಿಗೆ ಏರುತ್ತಾನೆ. ಟ ಎಂಬವಳಿಗೆ ಹುಬ್ಬಳ್ಳಿ ಸಿಗುತ್ತದೆ. ಒಬ್ಬಳ ಒಂದು ನಿರ್ಧಾರದಿಂದ ಮೂವರ ಜೀವನ ಬದಲಾಯಿತು. ಕ ತನ್ನ ನಿರ್ಧಾರವನ್ನು ಕೊನೆಯ ದಿನದವರೆಗೆ ತಡೆದರೆ ಮಿಕ್ಕ ಇಬ್ಬರೂ ಅಲ್ಲಿಯವರೆಗೆ ಕಾಯಬೇಕು. ಟ ಎಂಬವಳು ಕಾಯುತ್ತಿರುವುದು ಯಾವ ಅಧಿಕಾರಿಯ ಅನುಗ್ರಹಕ್ಕಾಗಿಯೂ ಅಲ್ಲ. ತಾನು ಕಂಡೂ ಇಲ್ಲದ ಇನ್ನೊಬ್ಬ ಹುಡುಗಿಯ ತೀರ್ಮಾನಕ್ಕಾಗಿ.

ನಮ್ಮ ಮುಖ್ಯ ಪ್ರತಿಪಾದನೆ ಇದೇ. ನಿರೀಕ್ಷಣಕಾಲದಲ್ಲಿ ವಿದ್ಯಾರ್ಥಿಯ ಯೋಗ್ಯತೆಯನ್ನು ಯಾರೂ ಮತ್ತೊಮ್ಮೆ ತೂಗುತ್ತಿಲ್ಲ. ಆ ತೂಕ ಪರೀಕ್ಷೆಯ ದಿನವೇ ಮುಗಿಯಿತು. ಈಗ ನಡೆಯುತ್ತಿರುವುದು ಸಾಲಿನಲ್ಲಿ ಮುಂದೆ ನಿಂತವರ ಚಲನೆ ಮಾತ್ರ. ಸುತ್ತುಗಳೆಂದು ನಾವು ಕರೆಯುವುದು ಈ ಚಲನೆಗೆ ಅವಕಾಶ ಕೊಡುವ ನಿಲ್ದಾಣಗಳನ್ನು.

ಎರಡು ಪ್ರಾಧಿಕಾರಗಳು ಬೇರೆ ಬೇರೆಯಾಗಿ ಹಂಚುವುದರಿಂದ ಈ ಚಲನೆ ಮತ್ತಷ್ಟು ನಿಧಾನವಾಗುತ್ತದೆ. ಕೇಂದ್ರದ ಮೊದಲ ಸುತ್ತು, ರಾಜ್ಯದ ಮೊದಲ ಸುತ್ತು, ಮತ್ತೆ ಕೇಂದ್ರದ ಎರಡನೆಯದು, ರಾಜ್ಯದ ಎರಡನೆಯದು, ಮೂರನೆಯದು, ಕೊನೆಗೆ ಉಳಿಕೆ ಸೀಟುಗಳ ಸುತ್ತು, ಹೀಗೆ ಒಂದರೊಡನೊಂದು ಹೆಣೆದುಕೊಂಡು ಸಾಗಬೇಕು. ಒಂದರ ವೇಳಾಪಟ್ಟಿ ಜಾರಿದರೆ ಮತ್ತೊಂದೂ ಜಾರುತ್ತದೆ. ತಡವಾಗಿ ಖಾಲಿಯಾದ ಸೀಟು ಇನ್ನೊಂದು ಅನ್ಯಾಯಕ್ಕೂ ಎಡೆಗೊಡುತ್ತದೆ. ಚ ಎಂಬವನು ಹುಬ್ಬಳ್ಳಿಗೆ ಖಾಯಂ ಆಗಿ ಸೇರಿ ಸಾಲಿನಿಂದ ಹೊರಬಂದ ಮೇಲೆ ಮೈಸೂರಿನ ಸೀಟು ತೆರವಾದರೆ ಅದು ಅವನಿಗಿಂತ ಕೆಳಗಿನ ರ್ಯಾಂಕಿನವರ ಪಾಲಾಗುತ್ತದೆ. ಸ್ನಾತಕೋತ್ತರ ವೈದ್ಯಕೀಯ ಸೀಟುಗಳ ವಿಷಯದಲ್ಲಿ ಈ ತೊಡಕು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮಾಪ್-ಅಪ್ ಸುತ್ತಿಗೆ ಹೊಸದಾಗಿ ಸೇರಿಸಿದ ೧೪೬ ಸೀಟುಗಳು ಮೇಲಿನ ರ್ಯಾಂಕಿನವರಿಗೆ ದಕ್ಕದಂತಾಯಿತೆಂಬ ಕಾರಣದಿಂದ ನ್ಯಾಯಾಲಯ ೨೦೨೨ರ ಮಾರ್ಚ್ ೩೧ರಂದು ಆ ಸುತ್ತನ್ನೇ ರದ್ದುಗೊಳಿಸಿತು.

೪

ಈ ಕ್ರಮವನ್ನು ತಿಳಿದವರಿಗೆ ಕಾಯುವಿಕೆಯ ಬಹುಭಾಗ ಕೆಲಸವಾಗಿ ಮಾರ್ಪಡುತ್ತದೆ. ನಮ್ಮ ರಾಜ್ಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸೀಟು ಹಂಚಿಕೆಯಾದ ವಿದ್ಯಾರ್ಥಿಯ ಮುಂದೆ ನಾಲ್ಕು ಆಯ್ಕೆಗಳನ್ನು ಇಡುತ್ತಿದ್ದಾರೆ. ಮೊದಲನೆಯದು, ದೊರೆತ ಸೀಟಿನಿಂದ ತೃಪ್ತನಾಗಿ ಕಾಲೇಜಿಗೆ ಸೇರುವುದು. ಎರಡನೆಯದು, ಸೀಟನ್ನು ಉಳಿಸಿಕೊಂಡು, ತಾನು ಇದಕ್ಕಿಂತ ಮೇಲೆ ಬರೆದಿದ್ದ ಕಾಲೇಜುಗಳಿಗಾಗಿ ಮುಂದಿನ ಸುತ್ತಿನಲ್ಲಿ ಭಾಗವಹಿಸುವುದು. ಮೇಲಿನದು ದೊರೆತರೆ ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ. ಮೂರನೆಯದು, ದೊರೆತುದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಕಾಯುವುದು. ನಾಲ್ಕನೆಯದು, ಹಂಚಿಕೆಯಿಂದಲೇ ಹೊರನಡೆಯುವುದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವನ್ನು ಗಮನಿಸದೆ ಕೈಯಲ್ಲಿದ್ದುದನ್ನು ಕಳೆದುಕೊಳ್ಳುವ ಅಪಾಯ ಸದಾ ಇದೆ. ಅಧ್ಯಾಪಕರು ಅರ್ಧ ಗಂಟೆಯ ಕಾಲ ಕರಿಹಲಗೆಯ ಮೇಲೆ ಇದನ್ನು ವಿವರಿಸಿದರೆ ಆಗುವ ಉಪಕಾರ ಸಾಮಾನ್ಯವಾದುದಲ್ಲ.

ಕಾಲೇಜುಗಳನ್ನು ಬರೆಯುವ ಕ್ರಮದ ವಿಷಯದಲ್ಲಿಯೂ ತಪ್ಪು ಕಲ್ಪನೆಗಳಿವೆ. "ನನ್ನ ರ್ಯಾಂಕಿಗೆ ಬೆಂಗಳೂರು ಸಿಗುವುದಿಲ್ಲ, ಅದನ್ನು ಮೇಲೆ ಬರೆದರೆ ಅವಕಾಶ ವ್ಯರ್ಥವಾಗುತ್ತದೆ" ಎಂದು ಹಲವರು ಭಾವಿಸುತ್ತಾರೆ. ಮೇಲೆ ವಿವರಿಸಿದ ನಿಯಮದಲ್ಲಿ ಹೀಗಾಗುವುದು ಸಾಧ್ಯವಿಲ್ಲ. ಯಂತ್ರವು ಸಿಗದ ಕಾಲೇಜನ್ನು ದಾಟಿ ಮುಂದಿನದಕ್ಕೆ ಹೋಗುತ್ತದೆ. ದಾಟಿದುದಕ್ಕಾಗಿ ಯಾವ ದಂಡವೂ ಇಲ್ಲ. ಆದುದರಿಂದ ನಿಜವಾದ ಇಷ್ಟದ ಕ್ರಮದಲ್ಲಿಯೇ ಬರೆಯುವುದು ಕ್ಷೇಮ. ಆದರೆ ಸೇರಲು ಇಷ್ಟವಿಲ್ಲದ, ಅಥವಾ ಶುಲ್ಕವನ್ನು ತೆರಲು ಶಕ್ತಿಯಿಲ್ಲದ ಕಾಲೇಜನ್ನು ಪಟ್ಟಿಗೆ ಸೇರಿಸಬಾರದು. ಸರ್ಕಾರೀ ಕಾಲೇಜಿನ ಶುಲ್ಕ ಸಾವಿರಗಳ ಲೆಕ್ಕದ್ದು; ಖಾಸಗೀ ಕೋಟಾದ ಶುಲ್ಕ ಹಲವು ಲಕ್ಷಗಳದು. ಪಟ್ಟಿಯಲ್ಲಿ ಎರಡೂ ಒಂದೊಂದು ಸಾಲು ಮಾತ್ರ. ಬರೆದ ಮೇಲೆ ಸೀಟು ಬಂದರೆ, ಹಿಂದೆಗೆಯುವುದಕ್ಕೆ ನಂತರದ ಸುತ್ತುಗಳಲ್ಲಿ ಠೇವಣಿಯ ನಷ್ಟವನ್ನೂ ಅನುಭವಿಸಬೇಕಾಗಬಹುದು. ಮೊದಲ ಸುತ್ತಿಗೆ ಮುಂಚೆ ಪ್ರಕಟವಾಗುವ ಅಣಕು ಹಂಚಿಕೆಯ ಫಲಿತಾಂಶವನ್ನು ಕಂಡು ಹಿಗ್ಗುವುದೂ ಕುಗ್ಗುವುದೂ ಸಲ್ಲದು. ಅದು ಪಟ್ಟಿಯನ್ನು ತಿದ್ದಿಕೊಳ್ಳುವುದಕ್ಕಾಗಿ ಇರುವ ಕನ್ನಡಿಯಷ್ಟೆ.

೫

ಈ ಸಮಸ್ಯೆ ನಮ್ಮ ದೇಶಕ್ಕೆ ಮಾತ್ರ ವಿಶಿಷ್ಟವಾದುದಲ್ಲ. ಅಮೆರಿಕದಲ್ಲಿ ವೈದ್ಯಕೀಯ ವ್ಯಾಸಂಗ ಪದವಿಯ ಅನಂತರದ್ದು. ಅಲ್ಲಿ ವರ್ಷಕ್ಕೆ ಸುಮಾರು ಐವತ್ತು ಸಾವಿರ ಮಂದಿ ಅರ್ಜಿ ಹಾಕುತ್ತಾರೆ. ಸೇರುವವರು ಇಪ್ಪತ್ತಮೂರು ಸಾವಿರದಷ್ಟು. ಒಂದೇ ಅರ್ಜಿ ಅನೇಕ ಕಾಲೇಜುಗಳಿಗೆ ಹೋಗುತ್ತದೆ. ಪ್ರತಿಯೊಂದು ಕಾಲೇಜೂ ತನ್ನಷ್ಟಕ್ಕೆ ತಾನು ಸಂದರ್ಶನ ನಡೆಸಿ ನಿರ್ಣಯಿಸುತ್ತದೆ. ಬೇಸಗೆಯಲ್ಲಿ ಅರ್ಜಿ ಹಾಕಿದವರಿಗೆ ಅಕ್ಟೋಬರ್ ಮಧ್ಯದಿಂದ ಪ್ರವೇಶಪತ್ರಗಳು ಬರತೊಡಗುತ್ತವೆ. ಹಲವು ಪ್ರವೇಶಪತ್ರಗಳನ್ನು ಹಿಡಿದಿರುವವರು ಏಪ್ರಿಲ್ ೩೦ರೊಳಗೆ ಒಂದನ್ನು ಆರಿಸಿಕೊಂಡು ಮಿಕ್ಕವನ್ನು ಬಿಡಬೇಕೆಂಬುದು ಅಲ್ಲಿನ ವಾಡಿಕೆ. ಆ ಬಳಿಕವೇ ನಿರೀಕ್ಷಣಪಟ್ಟಿಯಲ್ಲಿದ್ದವರ ಕಡೆಗೆ ಸೀಟುಗಳು ಹರಿಯುವುದು. ಹೀಗೆ ಅಲ್ಲಿಯ ನಿರೀಕ್ಷಣಕಾಲ ಕೆಲವರಿಗೆ ಒಂದು ವರ್ಷವನ್ನೂ ಮುಟ್ಟುತ್ತದೆ. ಮೌನವಾಗಿರುವ ಕಾಲೇಜು ನಿರಾಕರಿಸಿದೆಯೋ ಇನ್ನೂ ನೋಡಿಲ್ಲವೋ ತಿಳಿಯದು. ಈ ದೃಷ್ಟಿಯಿಂದ, ಸಾಲಿನಲ್ಲಿ ತನ್ನ ಸ್ಥಾನವೆಲ್ಲಿಯೆಂದು ಬಲ್ಲ ನಮ್ಮ ವಿದ್ಯಾರ್ಥಿಯ ಸ್ಥಿತಿಯೇ ಮೇಲು.

ಕಾಲೇಜು ಪ್ರವೇಶದ ಈ ಗೊಂದಲವನ್ನೇ ಕೈಗೆತ್ತಿಕೊಂಡು ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಗಣಿತಜ್ಞರು ೧೯೬೨ರಲ್ಲಿ ಒಂದು ಪುಟ್ಟ ಪ್ರಬಂಧವನ್ನು ಪ್ರಕಟಿಸಿದರು. ಅರ್ಜಿದಾರ ಬೇರೆಲ್ಲಿಗೆ ಅರ್ಜಿ ಹಾಕಿದ್ದಾನೆ, ತನ್ನನ್ನು ಎಷ್ಟನೆಯ ಸ್ಥಾನದಲ್ಲಿಟ್ಟಿದ್ದಾನೆ ಎಂಬುದು ಕಾಲೇಜಿಗೆ ತಿಳಿಯದು. ನಿರೀಕ್ಷಣಪಟ್ಟಿಯಲ್ಲಿರುವ ಅರ್ಜಿದಾರನಿಗೆ ಎರಡನೆಯ ಇಷ್ಟದ ಕಾಲೇಜನ್ನು ಒಪ್ಪಿಕೊಳ್ಳಬೇಕೋ ಬೇಡವೋ ತಿಳಿಯದು. ಇದಕ್ಕೆ ಅವರು ಸೂಚಿಸಿದ ಪರಿಹಾರದ ಸಾರ ಹೀಗಿದೆ. ಪ್ರತಿಯೊಬ್ಬ ಅರ್ಜಿದಾರನೂ ಮೊದಲ ಇಷ್ಟದ ಕಾಲೇಜಿಗೆ ಅರ್ಜಿ ಹಾಕಲಿ. ಕಾಲೇಜು ತನ್ನ ಸೀಟುಗಳಿಗೆ ಸಾಲುವಷ್ಟು ಉತ್ತಮರನ್ನು ತಾತ್ಕಾಲಿಕವಾಗಿ ಹಿಡಿದುಕೊಂಡು ಉಳಿದವರನ್ನು ಬಿಡಲಿ. ಬಿಡಲ್ಪಟ್ಟವರು ಮುಂದಿನ ಇಷ್ಟಕ್ಕೆ ಹೋಗಲಿ. ಆ ಕಾಲೇಜು ಹಳಬರನ್ನೂ ಹೊಸಬರನ್ನೂ ಒಟ್ಟಿಗೆ ನೋಡಿ ಮತ್ತೆ ಆರಿಸಲಿ. ಹೀಗೆ ಮುಂದುವರಿದು ಯಾರಿಗೂ ಇನ್ನು ಹೋಗಬೇಕಾದ ಸ್ಥಳವಿಲ್ಲವೆಂದಾದಾಗ ಮಾತ್ರ ತಾತ್ಕಾಲಿಕವು ಖಾಯಂ ಆಗಲಿ. ಎಲ್ಲರ ಇಷ್ಟಪಟ್ಟಿಗಳೂ ಒಂದೇ ಕಡೆ ಸೇರಿದರೆ ಈ ಸರಣಿಯನ್ನೆಲ್ಲ ಕಾಗದದ ಮೇಲೆಯೇ ಒಮ್ಮೆಗೆ ಮುಗಿಸಬಹುದು. ಮನುಷ್ಯರು ಸುತ್ತಿನಿಂದ ಸುತ್ತಿಗೆ ಕಾಯಬೇಕಾಗಿಲ್ಲ.

ಸ್ವಾರಸ್ಯದ ಸಂಗತಿಯೆಂದರೆ, ಅಮೆರಿಕದಲ್ಲಿ ವೈದ್ಯಪದವೀಧರರನ್ನು ತರಬೇತಿಗಾಗಿ ಆಸ್ಪತ್ರೆಗಳಿಗೆ ಹಂಚುವ ಏರ್ಪಾಡು ೧೯೫೨ರಿಂದಲೇ ಬಹುಮಟ್ಟಿಗೆ ಇದೇ ತತ್ತ್ವದ ಮೇಲೆ ನಡೆಯುತ್ತಿತ್ತು. ಆಲ್ವಿನ್ ರಾತ್ ಇದನ್ನು ೧೯೮೪ರಲ್ಲಿ ತೋರಿಸಿಕೊಟ್ಟರು. ೨೦೧೨ರಲ್ಲಿ ಅವರಿಗೂ ಶೇಪ್ಲಿಯವರಿಗೂ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಗೇಲ್ ೨೦೦೮ರಲ್ಲಿಯೇ ತೀರಿಕೊಂಡಿದ್ದರು.

ನಮ್ಮ ದೇಶದಲ್ಲಿಯೂ ಈ ತತ್ತ್ವದ ಪ್ರಯೋಗವಾಗಿದೆ. ಐ.ಐ.ಟಿ.ಗಳೂ ಎನ್.ಐ.ಟಿ.ಗಳೂ ಹಿಂದೆ ಬೇರೆ ಬೇರೆಯಾಗಿ ಸೀಟು ಹಂಚುತ್ತಿದ್ದುವು. ಒಬ್ಬನೇ ಎರಡು ಸೀಟುಗಳನ್ನು ಹಿಡಿದು ಒಂದನ್ನು ತಡವಾಗಿ ಬಿಡುವುದರಿಂದ ಸೀಟುಗಳು ಖಾಲಿ ಉಳಿಯುತ್ತಿದ್ದುವು. ೨೦೧೫ರಿಂದ ಅವುಗಳಿಗೆ ಒಂದೇ ಇಷ್ಟಪಟ್ಟಿ, ಒಂದೇ ಹಂಚಿಕೆ ಜಾರಿಗೆ ಬಂದಿತು. ಖಾಲಿ ಉಳಿಯುವ ಸೀಟುಗಳ ಸಂಖ್ಯೆ ಗಮನಾರ್ಹವಾಗಿ ತಗ್ಗಿತು. ವೈದ್ಯಕೀಯ ಸೀಟುಗಳಿಗೆ ಕೇಂದ್ರವೂ ರಾಜ್ಯಗಳೂ ಕೂಡಿ ಇಂಥ ಏರ್ಪಾಡನ್ನು ಮಾಡಿಕೊಳ್ಳುವುದು, ಭಾಷೆ, ವಾಸಸ್ಥಳ, ಮೀಸಲಾತಿಗಳ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ, ಸುಲಭವಲ್ಲ. ಆದರೆ ಅಸಾಧ್ಯವೆಂದು ಹೇಳುವುದಕ್ಕೂ ಆಧಾರವಿಲ್ಲ. ಪರೀಕ್ಷೆಯೊಂದೇ, ರ್ಯಾಂಕಿನ ಮೂಲವೊಂದೇ ಆಗಿರುವಾಗ ಹಂಚಿಕೆಯನ್ನು ಒಂದುಗೂಡಿಸುವ ದಾರಿ ಅರ್ಧ ಸವೆದಿದೆ. ನಿರೀಕ್ಷಣಕಾಲದ ಅನಾವಶ್ಯಕ ಅಂಶವೆಂದು ನಾವು ಮೊದಲು ಹೇಳಿದುದು ಇದನ್ನೇ.

೬

ಕಾಯುವಿಕೆಯ ಕಷ್ಟವು ಅದರ ಉದ್ದವನ್ನು ಮಾತ್ರ ಅವಲಂಬಿಸಿಲ್ಲ. ಸೇವಾಸಂಸ್ಥೆಗಳ ಮುಂದಿನ ಸಾಲುಗಳನ್ನು ಕುರಿತು ೧೯೮೫ರಲ್ಲಿ ಬರೆದ ಡೇವಿಡ್ ಮೈಸ್ಟರ್, ಕಾರಣ ತಿಳಿಯದ ಕಾಯುವಿಕೆ ಕಾರಣ ತಿಳಿದುದಕ್ಕಿಂತಲೂ, ಅವಧಿ ತಿಳಿಯದುದು ಅವಧಿ ತಿಳಿದುದಕ್ಕಿಂತಲೂ ದೀರ್ಘವಾಗಿ ತೋರುತ್ತದೆಂದು ನಿರೂಪಿಸಿದರು. ಇದಕ್ಕೆ ೨೦೨೪ರ ನಮ್ಮ ಅನುಭವಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಆ ವರ್ಷ ಮೇ ೫ರಂದು ಪರೀಕ್ಷೆ ನಡೆಯಿತು. ಜೂನ್ ೧೪ಕ್ಕೆ ಬರಬೇಕಿದ್ದ ಫಲಿತಾಂಶ ಜೂನ್ ೪ರಂದೇ ಬಂದಿತು. ೬೭ ಮಂದಿಗೆ ೭೨೦ಕ್ಕೆ ೭೨೦ ಅಂಕಗಳು. ಕೆಲವು ಕೇಂದ್ರಗಳಲ್ಲಿ ವೇಳೆ ನಷ್ಟವಾಯಿತೆಂದು ೧೫೬೩ ಮಂದಿಗೆ ಕೃಪಾಂಕಗಳನ್ನು ಕೊಟ್ಟಿದ್ದುದು ಆಮೇಲೆ ತಿಳಿದುಬಂದಿತು. ಅವನ್ನು ಹಿಂತೆಗೆದು ಜೂನ್ ೨೩ರಂದು ಅವರಿಗೆ ಮರುಪರೀಕ್ಷೆ ನಡೆಸಿದರು. ಪ್ರಶ್ನಪತ್ರಿಕೆ ಸೋರಿಕೆಯಾಯಿತೆಂಬ ದೂರುಗಳು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದುವು. ಹಜಾರಿಬಾಗ್ ಮತ್ತು ಪಟ್ನಾಗಳಲ್ಲಿ ಸೋರಿಕೆಯಾದುದು ನಿಜವೆಂದೂ, ಇಡೀ ಪರೀಕ್ಷೆಯನ್ನು ರದ್ದುಗೊಳಿಸುವಷ್ಟು ಅದು ವ್ಯಾಪಕವಾಗಿತ್ತೆಂಬುದಕ್ಕೆ ಆಧಾರವಿಲ್ಲವೆಂದೂ ನ್ಯಾಯಾಲಯ ಜುಲೈ ೨೩ರಂದು ಹೇಳಿತು. ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿಯೆಂದು ಎಣಿಸಿದುದನ್ನು ತಿದ್ದಿದಾಗ ಸುಮಾರು ನಾಲ್ಕು ಲಕ್ಷ ಮಂದಿಯ ಅಂಕಗಳು ಇಳಿದುವು. ಪೂರ್ಣಾಂಕ ಪಡೆದವರ ಸಂಖ್ಯೆ ಕೊನೆಗೆ ೧೭ಕ್ಕೆ ನಿಂತಿತು. ಕೌನ್ಸೆಲಿಂಗ್ ಆರಂಭವಾದುದು ಆಗಸ್ಟ್ ಮಧ್ಯಭಾಗದಲ್ಲಿ. ಸುಮಾರು ನೂರು ದಿನಗಳ ಕಾಲ ವಿದ್ಯಾರ್ಥಿಗಳಿಗೆ ತಾವು ಸೀಟಿಗಾಗಿ ಕಾಯುತ್ತಿದ್ದೇವೆಯೋ ಮತ್ತೊಂದು ಪರೀಕ್ಷೆಗಾಗಿ ಓದಬೇಕೋ ಎಂಬುದೇ ತಿಳಿಯದಾಗಿತ್ತು. ಸಾಲು ಚಲಿಸದಿದ್ದರೆ ಸೈರಿಸಬಹುದು. ಸಾಲೇ ಇದೆಯೋ ಇಲ್ಲವೋ ತಿಳಿಯದಿದ್ದರೆ ಸೈರಣೆಗೂ ನೆಲೆಯಿರುವುದಿಲ್ಲ.

೭

ಹಾಗಾದರೆ ಚೆನ್ನಾಗಿ ಕಾಯುವ ಬಗೆಯೊಂದಿದೆಯೆ? ಕ್ಯಾಲಿಫೋರ್ನಿಯಾದಲ್ಲಿ ವಕೀಲೀ ಪರೀಕ್ಷೆಯ ಫಲಿತಾಂಶಕ್ಕಾಗಿ ನಾಲ್ಕು ತಿಂಗಳ ಕಾಲ ಕಾಯುತ್ತಿದ್ದ ಇನ್ನೂರಕ್ಕೂ ಹೆಚ್ಚು ಪದವೀಧರರನ್ನು ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಮತ್ತು ಸಹೋದ್ಯೋಗಿಗಳು ಪರಿಶೀಲಿಸಿ ೨೦೧೬ರಲ್ಲಿ ಫಲಿತಗಳನ್ನು ಪ್ರಕಟಿಸಿದರು. ಚಿಂತೆಯನ್ನು ತಗ್ಗಿಸಿಕೊಳ್ಳಲು ಅವರು ಕೈಕೊಂಡ ಉಪಾಯಗಳಿಂದ ಚಿಂತೆಯೇನೂ ತಗ್ಗಲಿಲ್ಲ. ಆದರೆ ಕಾಯುವಾಗ ಚಿಂತೆಪಟ್ಟವರೇ, ಕೆಟ್ಟ ಫಲಿತಾಂಶವನ್ನು ಹೆಚ್ಚು ಸಿದ್ಧತೆಯಿಂದಲೂ ಒಳ್ಳೆಯದನ್ನು ಹೆಚ್ಚು ಸಂತೋಷದಿಂದಲೂ ಸ್ವೀಕರಿಸಿದರು. ನಿಶ್ಚಿಂತರಾಗಿದ್ದವರಿಗೆ ಆಘಾತ ಹೆಚ್ಚಾಯಿತು. "ಚಿಂತೆ ಮಾಡಬೇಡ" ಎಂಬ ನಮ್ಮ ವಾಡಿಕೆಯ ಬುದ್ಧಿಮಾತಿನಲ್ಲಿ ಹುರುಳು ಕಡಮೆಯೆಂದು ಇದರಿಂದ ತಿಳಿಯುತ್ತದೆ. ಚಿಂತೆ ಸಹಜ, ಮಿತಿಯಲ್ಲಿದ್ದರೆ ಅದೊಂದು ಪೂರ್ವಸಿದ್ಧತೆ. ಮಿತಿಮೀರಿ ಊಟ ನಿದ್ರೆಗಳು ಕೆಟ್ಟರೆ ಮಾತ್ರ ನೆರವು ಬೇಕು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮುಂದಾಳಾಗಿರುವ ಟೆಲಿ-ಮಾನಸ್ ಸೇವೆ ೨೦೨೨ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅದರ ದೂರವಾಣಿ ಸಂಖ್ಯೆ ೧೪೪೧೬. ಇದು ಪ್ರತಿಯೊಂದು ಕಾಲೇಜಿನ ಸೂಚನಾಫಲಕದಲ್ಲಿಯೂ ಇರತಕ್ಕದ್ದು.

ಇನ್ನು ಮೂರನೆಯ ಪ್ರಶ್ನೆ: ನಿರ್ಣಯವು ಯೋಗ್ಯತೆಯನ್ನು ಕುರಿತು ಏನು ಹೇಳುತ್ತದೆ? ಇಲ್ಲಿ ಹ್ಯೂಸ್ಟನ್ನಿನ ಟೆಕ್ಸಾಸ್ ವೈದ್ಯಕೀಯ ಕಾಲೇಜಿನ ಒಂದು ಪ್ರಸಂಗ ಬಹಳ ಬೋಧಪ್ರದವಾಗಿದೆ. ೧೯೭೯ರಲ್ಲಿ ಆ ಕಾಲೇಜು ಸುಮಾರು ೮೦೦ ಮಂದಿಯನ್ನು ಸಂದರ್ಶಿಸಿ, ಎಲ್ಲರಿಗೂ ಕ್ರಮಾಂಕವಿತ್ತು, ಮೇಲಿನವರಿಂದ ೧೫೦ ಮಂದಿಯನ್ನು ಆರಿಸಿಕೊಂಡಿತ್ತು. ಆಮೇಲೆ ರಾಜ್ಯದ ಶಾಸನಸಭೆ ಇನ್ನೂ ೫೦ ಮಂದಿಯನ್ನು ಸೇರಿಸಿಕೊಳ್ಳಬೇಕೆಂದು ವಿಧಿಸಿತು. ಅಷ್ಟು ಹೊತ್ತಿಗೆ ಮೇಲಿನವರೆಲ್ಲ ಬೇರೆಡೆ ಸೇರಿಬಿಟ್ಟಿದ್ದರು. ಉಳಿದಿದ್ದವರು ಪಟ್ಟಿಯ ತೀರ ಕೆಳಗಿನವರು, ಬಹುಮಂದಿ ಎಲ್ಲಿಯೂ ಸೀಟು ಸಿಗದವರು. ಅವರನ್ನೇ ಸೇರಿಸಿಕೊಳ್ಳಬೇಕಾಯಿತು. ಮುಂದೆ ಎರಡು ತಂಡಗಳ ವ್ಯಾಸಂಗವನ್ನೂ ರೋಗಿಗಳ ಚಿಕಿತ್ಸೆಯಲ್ಲಿ ತೋರಿದ ಸಾಮರ್ಥ್ಯವನ್ನೂ ಹೋಲಿಸಿ ನೋಡಿದಾಗ ಅವುಗಳಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಈ ಹೋಲಿಕೆ ೧೯೮೭ರಲ್ಲಿ ಪ್ರಕಟವಾಯಿತು.

ಇದರಿಂದ ಪರೀಕ್ಷೆಗಳೆಲ್ಲ ನಿರರ್ಥಕವೆಂದು ತೀರ್ಮಾನಿಸಲಾಗದು. ಸಂದರ್ಶನಕ್ಕೆ ಬಂದವರೆಲ್ಲರೂ ಮೊದಲೇ ಒಂದು ಮಟ್ಟವನ್ನು ಮುಟ್ಟಿದ್ದವರು. ಆದರೆ ಆ ಮಟ್ಟದ ಮೇಲೆ ನಿಂತವರ ನಡುವಣ ಸೂಕ್ಷ್ಮ ಕ್ರಮಾಂಕಗಳಿಗೆ ನಾವು ಕೊಡುವ ಬೆಲೆ ಅತಿಯಾದುದೆಂಬುದಂತೂ ಸ್ಪಷ್ಟ. ನಮ್ಮ ಪರೀಕ್ಷೆಯ ಲೆಕ್ಕವನ್ನೇ ನೋಡಬಹುದು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದಂಕದ ಕಡಿತ. ೨೩ ಲಕ್ಷ ಮಂದಿಯನ್ನು ೭೨೦ ಅಂಕಗಳ ಅಳತೆಗೋಲಿನ ಮೇಲೆ ನಿಲ್ಲಿಸಿದರೆ ಒಂದೊಂದು ಅಂಕದ ಗೆರೆಯ ಮೇಲೆ ಸರಾಸರಿ ಎರಡು ಸಾವಿರಕ್ಕೂ ಮಿಕ್ಕಿ ಮಂದಿ ನಿಲ್ಲುತ್ತಾರೆ. ಅವರನ್ನು ಜೀವಶಾಸ್ತ್ರದ ಅಂಕ, ರಸಾಯನಶಾಸ್ತ್ರದ ಅಂಕ ಎಂದು ಮತ್ತೆ ಮತ್ತೆ ಒಡೆದು ಸಾಲು ಮಾಡಬೇಕು. ಕೊನೆಯ ಸೀಟು ಪಡೆದವಳಿಗೂ ಅದನ್ನು ಕಳೆದುಕೊಂಡವಳಿಗೂ ನಡುವಿನ ಅಂತರ ಹಲವೊಮ್ಮೆ ಒಂದು ಪ್ರಶ್ನೆಯಷ್ಟೂ ಇರುವುದಿಲ್ಲ. ಸಾಲನ್ನು ಎಲ್ಲಿಯೋ ಒಂದೆಡೆ ಕಡಿಯಲೇಬೇಕು. ಕಡಿದ ಜಾಗ ಸೀಟುಗಳ ಸಂಖ್ಯೆಯನ್ನು ಹೇಳುತ್ತದೆ, ಅದರ ಆಚೆ ಈಚೆ ನಿಂತ ಮನುಷ್ಯರ ಬೆಲೆಯನ್ನಲ್ಲ.

೮

ಮೇಲಿನ ವಿವೇಚನೆಯಿಂದ ಕಾಲೇಜು ಅಧ್ಯಾಪಕರಿಗೆ ಕೆಲವು ಕರ್ತವ್ಯಗಳು ಒದಗುತ್ತವೆ. ಹಂಚಿಕೆಯ ನಿಯಮಗಳನ್ನು ವರ್ಷವರ್ಷವೂ ಪ್ರಕಟವಾಗುವ ಮೂಲ ಪ್ರಕಟಣೆಯಿಂದಲೇ ಓದಿ, ದಾಖಲೆ ಪರಿಶೀಲನೆಗೆ ಮುಂಚೆ ವಿದ್ಯಾರ್ಥಿಗಳಿಗೂ ಪೋಷಕರಿಗೂ ಕನ್ನಡದಲ್ಲಿ ವಿವರಿಸಬೇಕು. ನಿಯಮ ತಿಳಿಯದ ಕುಟುಂಬವೇ ಮಧ್ಯವರ್ತಿಗಳ ಬಲೆಗೆ ಬೀಳುವುದು. ಕಾಯುತ್ತಿರುವವರನ್ನು ತರಗತಿಯಲ್ಲಿ ಅತಿಥಿಗಳಂತೆ ಕಾಣಬಾರದು. ಪ್ರಾಣಿಶಾಸ್ತ್ರವನ್ನಾಗಲಿ ರಸಾಯನಶಾಸ್ತ್ರವನ್ನಾಗಲಿ ಶ್ರದ್ಧೆಯಿಂದ ಕಲಿತ ಎರಡು ತಿಂಗಳು, ಅವರು ಇಲ್ಲಿ ಉಳಿದರೂ ಅಲ್ಲಿಗೆ ಹೋದರೂ ವ್ಯರ್ಥವಾಗುವುದಿಲ್ಲ. ಮನಸ್ಸನ್ನು ಪೂರ್ತಿ ಹಿಡಿದಿಡುವ ಕೆಲಸವೇ ಕಾಯುವಿಕೆಗೆ ಉತ್ತಮ ಸಂಗಾತಿಯೆಂಬುದನ್ನು ಸ್ವೀನಿಯವರ ತಂಡದ ಮುಂದಿನ ಅಧ್ಯಯನಗಳೂ ಸೂಚಿಸುತ್ತವೆ.

ಮತ್ತೊಂದು ಮಾತು ಮತ್ತೆ ಪರೀಕ್ಷೆ ಬರೆಯುವವರನ್ನು ಕುರಿತದ್ದು. ಗರಿಷ್ಠ ವಯೋಮಿತಿಯನ್ನು ೨೦೨೨ರಲ್ಲಿ ತೆಗೆದುಹಾಕಿದ ಮೇಲೆ ನಿರೀಕ್ಷಣಕಾಲಕ್ಕೆ ಹೊರಗಿನಿಂದ ಮಿತಿ ಹಾಕುವವರಿಲ್ಲ. 'ಲಾಂಗ್ ಟರ್ಮ್' ಎಂಬ ಹೆಸರಿನಲ್ಲಿ ಒಂದು ವರ್ಷ ಎರಡಾಗುತ್ತದೆ, ಎರಡು ಮೂರಾಗುತ್ತದೆ. ಮತ್ತೆ ಪ್ರಯತ್ನಿಸುವುದು ತಪ್ಪಲ್ಲ. ಹಾಗೆ ಪ್ರಯತ್ನಿಸಿ ಒಳ್ಳೆಯ ವೈದ್ಯರಾದವರು ನಮ್ಮ ನಡುವೆ ಇದ್ದಾರೆ. ಆದರೆ ಎಷ್ಟು ಸಲ ಎಂಬುದನ್ನು ಫಲಿತಾಂಶ ಬರುವುದಕ್ಕೆ ಮುಂಚೆಯೇ, ಶಾಂತವಾದ ಹೊತ್ತಿನಲ್ಲಿ, ಮನೆಯವರೊಡನೆ ಕುಳಿತು ನಿಶ್ಚಯಿಸಿಕೊಳ್ಳಬೇಕು. ಕಾಯುವಿಕೆಯ ಕೊನೆಯನ್ನು ಪಟ್ಟಿಗೆ ಬಿಟ್ಟುಬಿಟ್ಟರೆ ಅದು ತಾನಾಗಿ ಬರುವುದಿಲ್ಲ.

ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಎರಡನೆಯ ಸುತ್ತಿಗಾಗಿ ಕಾಯುತ್ತಿರುವ ವಿದ್ಯಾರ್ಥಿಗೆ ಸೀಟನ್ನು ದೊರಕಿಸಿಕೊಡುವ ಶಕ್ತಿ ನಮಗಿಲ್ಲ. ತಾನು ನಿಂತಿರುವ ಸಾಲು ಯಾವುದು, ಅದು ಹೇಗೆ ಚಲಿಸುತ್ತದೆ, ಎಲ್ಲಿ ಏಕೆ ಕಡಿಯುತ್ತದೆ ಎಂಬುದನ್ನು ತಿಳಿಯಹೇಳುವ ಶಕ್ತಿ ಇದೆ. ಅಷ್ಟನ್ನು ಮಾಡಿ, ರೆಕಾರ್ಡು ಪುಸ್ತಕದ ಮೇಲೆ ಹೆಸರು ಬರೆಯುವಂತೆ ಹೇಳಿ, ಆ ದಿನದ ಪಾಠವನ್ನು ಆರಂಭಿಸುವುದು ನಮ್ಮ ಕೆಲಸ.